ರಾಷ್ಟ್ರಪತಿ ಚುನಾವಣೆ: ನಮ್ಮ ಶಾಸಕರ ಓಟು 131, ಯುಪಿಯವರದ್ದು 208. ಇದೇನು ಲೆಕ್ಕ?

ಹಾಸನದ_ಓದುಗ

ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಾ ಇದ್ದೀನಿ. ರಾಷ್ಟ್ರಪತಿ ಚುನಾವಣೆಯ ಸೂತ್ರ ಬಾಯಿಪಾಠ ಆಗಿದೆ, ಆದರೆ ಯಾಕೆ ಹಾಗೆ ಅಂತ ಯಾವ ಗೈಡಲ್ಲೂ ಇಲ್ಲ. ಕರ್ನಾಟಕದ ಒಬ್ಬ ಶಾಸಕರ ಮತಮೌಲ್ಯ 131, ಉತ್ತರ ಪ್ರದೇಶದವರದ್ದು 208, ಸಿಕ್ಕಿಂನವರದ್ದು ಬರೀ 7. ಒಬ್ಬರಿಗೆ ಒಂದೇ ಓಟು, ಎಲ್ಲಾ ಓಟೂ ಸಮ ಅಂತ ಹಿಂದಿನ ಅಧ್ಯಾಯದಲ್ಲಿ ಓದಿ, ಇಲ್ಲಿ ಬಂದ್ರೆ ಎಲ್ಲಾ ತಲೆಕೆಳಗು. ಇನ್ನೊಂದು ಅನುಮಾನ: ಸಾಮಾನ್ಯವಾಗಿ ಇಬ್ಬರೇ ನಿಲ್ತಾರೆ. ಹಾಗಿದ್ದ ಮೇಲೆ 1, 2 ಅಂತ ಪ್ರಾಶಸ್ತ್ಯ ಬರೆಸೋದು ಯಾಕೆ? ಗೊತ್ತಿದ್ದವರು ಬಿಡಿಸಿ ಹೇಳಿ ಪ್ಲೀಸ್.

ಲೆಕ್ಕದ_ಮೇಷ್ಟ್ರು

ಸೂತ್ರ ಬಿಡಿ, ನಮ್ಮ ರಾಜ್ಯವನ್ನೇ ತಗೊಂಡು ಮಾಡೋಣ. 1971ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ 2,92,99,014. ಚುನಾಯಿತ ಶಾಸಕರು 224. ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ ಸುಮಾರು 1,30,799 ಜನ. ಇದನ್ನು ಸಾವಿರದಿಂದ ಭಾಗಿಸಿ, ಉಳಿಕೆ 500 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಬೇಕು. 130 ಆಗಿ 799 ಉಳಿಯಿತು, ಹಾಗಾಗಿ 131. ಇಷ್ಟೇ.

ಅಂದರೆ ಆ 131 ಶಾಸಕರದ್ದಲ್ಲ, ಅವರ ಹಿಂದಿರುವ ಜನರದ್ದು. ಸಿಕ್ಕಿಂನಲ್ಲಿ ಆಗ ಇದ್ದದ್ದು 2,09,843 ಜನ, ಶಾಸಕರು 32. ತಲಾ ಆರೂವರೆ ಸಾವಿರ, ಅದಕ್ಕೇ 7. ಸಿಕ್ಕಿಂ ಶಾಸಕರಿಗೂ ನಮ್ಮವರಿಗೂ ಸಮ ಓಟು ಕೊಟ್ಟಿದ್ದರೆ ಅಲ್ಲಿನ ಒಬ್ಬ ಪ್ರಜೆಗೆ ಇಲ್ಲಿನ ಇಪ್ಪತ್ತು ಜನರ ತೂಕ ಬರ್ತಿತ್ತು. ಆಗ ನೀವು ಇದೇ ಪ್ರಶ್ನೆಯನ್ನ ಉಲ್ಟಾ ಕೇಳ್ತಿದ್ರಿ.

ಈಗ ಸಂಸದರು, ಶಾಸಕರ ಜೊತೆ ಅವರೂ ರಾಷ್ಟ್ರಪತಿಗೆ ಓಟು ಹಾಕ್ತಾರೆ. ದೇಶದ ಎಲ್ಲಾ ಶಾಸಕರ ಮತಮೌಲ್ಯ ಕೂಡಿಸಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಬೇಕು. ಲೋಕಸಭೆ 543, ರಾಜ್ಯಸಭೆ 233, ಒಟ್ಟು 776. 2022ರಲ್ಲಿ ಶಾಸಕರ ಮೊತ್ತ 5,43,231. ಭಾಗಿಸಿದರೆ 700. ಎಲ್ಲಾ ಸಂಸದರಿಗೂ 700, ಯಾವ ರಾಜ್ಯದವರಾದರೂ. ಬೇಕಂತಲೇ ಹೀಗೆ ಭಾಗಿಸಿರೋದು: ರಾಜ್ಯಗಳೆಲ್ಲಾ ಸೇರಿ ಒಂದು ತಟ್ಟೆ, ಸಂಸತ್ತು ಇನ್ನೊಂದು ತಟ್ಟೆ, ತಕ್ಕಡಿ ಮಟ್ಟಸ ನಿಲ್ಲಬೇಕು. ಸಂವಿಧಾನದ 55ನೇ ವಿಧಿ ಓದಿ, ಮಾತು ಇದೇ.

ಕರ್ನಾಟಕದ್ದು ಒಟ್ಟು ಎಷ್ಟು ಅಂತ ಕುತೂಹಲ ಇದ್ದರೆ: 224 × 131 = 29,344. ಜೊತೆಗೆ 28 ಲೋಕಸಭೆ, 12 ರಾಜ್ಯಸಭೆ, 40 × 700 = 28,000. ಕೂಡಿದರೆ 57,344. ದೇಶದ ಒಟ್ಟು 10,86,431ರಲ್ಲಿ ನೂರಕ್ಕೆ ಐದು ಚಿಲ್ಲರೆ.

ಹುಬ್ಬಳ್ಳಿಯಾಂವ

ಲೆಕ್ಕ ತಿಳೀತ್ರಿ ಮೇಷ್ಟ್ರ. ಖರೇ ಪ್ರಶ್ನೆ ಬ್ಯಾರೇ ಐತಿ. ಗ್ರಾಮ ಪಂಚಾಯ್ತಿ ಮೆಂಬರ್‌ನ ನಾವು ಆರಸ್ತೀವಿ, ಎಮ್ಮೆಲ್ಲೆನ ನಾವು ಆರಸ್ತೀವಿ, ದೇಶದ ಮೊದಲ ಪ್ರಜೆನ ಆರಸೂದು ಬಂದ್ರ ನಾವು ಟೀವಿ ಮುಂದ ಕುಂಡ್ರಬೇಕು. ಯಾಕ್ರಿ? ನಮಗ ಬುದ್ಧಿ ಇಲ್ಲೇನು?

ಶಿರಸಿ_ವಕೀಲ

ಹುಬ್ಬಳ್ಳಿಯವರೇ, ನೀವು ಕೇಳಿದ್ದನ್ನೇ ಸಂವಿಧಾನ ಸಭೆಯಲ್ಲಿ ಪ್ರೊಫೆಸರ್ ಕೆ.ಟಿ. ಶಾ ಕೇಳಿದ್ದರು. ವಯಸ್ಕರೆಲ್ಲರೂ ನೇರವಾಗಿ ಓಟು ಹಾಕಿ ರಾಷ್ಟ್ರಪತಿಯನ್ನು ಆರಿಸಬೇಕು ಅನ್ನೋದು ಅವರ ವಾದ. ನೆಹರೂ ಕೊಟ್ಟ ಉತ್ತರದ ತಿರುಳು ಬುದ್ಧಿಯ ವಿಷಯವೇ ಅಲ್ಲ. ಅಧಿಕಾರ ಇರೋದು ಮಂತ್ರಿಮಂಡಲದ ಕೈಯಲ್ಲಿ. ಇಡೀ ದೇಶ ಓಟು ಹಾಕಿ ಗೆಲ್ಲಿಸಿದವರನ್ನು ತಂದು ಕೂರಿಸಿ, ಮಂತ್ರಿಗಳು ಹೇಳಿದಲ್ಲಿ ಸಹಿ ಹಾಕಿ ಅಂದರೆ ಅವರು ಕೇಳುತ್ತಾರಾ? ಪ್ರಧಾನಿಗೆ ಲೋಕಸಭೆಯ ಬಲ, ರಾಷ್ಟ್ರಪತಿಗೆ ನೇರ ಜನಾದೇಶದ ಬಲ ಇದ್ದರೆ ದಿನಾ ಜಟಾಪಟಿ. ಹಾಗಂತ ಸಂಸದರು ಮಾತ್ರ ಆರಿಸಿದರೆ ದಿಲ್ಲಿಯಲ್ಲಿ ಯಾವ ಪಕ್ಷಕ್ಕೆ ಬಹುಮತವೋ ಆ ಪಕ್ಷದ ಮನುಷ್ಯನಾಗಿಬಿಡುತ್ತಾರೆ. ಅದಕ್ಕೇ ಶಾಸಕರನ್ನೂ ಸೇರಿಸಿದ್ದು.

ನನಗೆ ಖುಷಿ ಕೊಡೋ ಸಂಗತಿ ಅಂದರೆ, ನೇರ ಚುನಾವಣೆ ಕೇಳಿ ಸೋತ ಅದೇ ಶಾ 1952ರಲ್ಲಿ ಈ ಪರೋಕ್ಷ ಪದ್ಧತಿಯಲ್ಲೇ ಬಾಬು ರಾಜೇಂದ್ರ ಪ್ರಸಾದರ ಎದುರು ನಿಂತರು. ಪ್ರಸಾದರಿಗೆ 5,07,400, ಶಾ ಅವರಿಗೆ 92,827. ಗೆಲ್ಲಲ್ಲ ಅಂತ ಗೊತ್ತಿದ್ದೇ ನಿಂತಿದ್ದರು ಅನ್ನಿಸುತ್ತೆ.

@ಹಾಸನದ_ಓದುಗ, ಪರೀಕ್ಷೆಯಲ್ಲಿ ಎಡವೋದು ಎಲ್ಲಿ ಗೊತ್ತಾ? ಯಾರಿಗೆ ಓಟಿಲ್ಲ ಅನ್ನೋದರಲ್ಲಿ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ಒಬ್ಬರಿಗೂ ಇಲ್ಲ. ರಾಜ್ಯಸಭೆಯ 12 ನಾಮನಿರ್ದೇಶಿತರಿಗೆ ಇಲ್ಲ. ವೀರೇಂದ್ರ ಹೆಗ್ಗಡೆ, ಸುಧಾ ಮೂರ್ತಿ ಇಬ್ಬರೂ ಆ ದಾರಿಯಲ್ಲಿ ಹೋದವರೇ. ಮೊದಲೆಲ್ಲಾ ವಿಧಾನಸಭೆಯಲ್ಲಿ ಆಂಗ್ಲೋ ಇಂಡಿಯನ್ ಸಮುದಾಯದ 225ನೇ ಸದಸ್ಯರೊಬ್ಬರು ಇರುತ್ತಿದ್ದರಲ್ಲ, ಅವರಿಗೂ ಇರಲಿಲ್ಲ. ದಿಲ್ಲಿ, ಪುದುಚೇರಿ ಶಾಸಕರಿಗೆ ಇದೆ, ಅದು 1992ರ 70ನೇ ತಿದ್ದುಪಡಿಯಿಂದ ಬಂದದ್ದು.

ಜೆರ್ಸಿಯಲ್ಲಿ_ಜಯನಗರದವ

ಇಲ್ಲಿ ಅಮೆರಿಕದಲ್ಲೂ ಪರೋಕ್ಷವೇ, ಆದರೆ ಹೋಲಿಸೋಕೆ ಹೋದರೆ ಗೊಂದಲ ಜಾಸ್ತಿ. ಇಲ್ಲಿ 538 ಎಲೆಕ್ಟರ್‌ಗಳು, 270 ಬಂದರೆ ಗೆದ್ದ ಹಾಗೆ. ಆ ಎಲೆಕ್ಟರ್‌ಗಳು ಶಾಸಕರಲ್ಲ, ಈ ಒಂದೇ ಕೆಲಸಕ್ಕೆ ಹುಟ್ಟಿ ಅಲ್ಲೇ ಮುಗಿಯೋರು. ಮೇನ್, ನೆಬ್ರಾಸ್ಕ ಎರಡು ಬಿಟ್ಟರೆ ಉಳಿದ ಕಡೆ ರಾಜ್ಯದಲ್ಲಿ ಒಂದು ಓಟು ಹೆಚ್ಚು ತಗೊಂಡವರಿಗೆ ಆ ರಾಜ್ಯದ ಎಲ್ಲಾ ಎಲೆಕ್ಟರ್‌ಗಳೂ ಸಿಗ್ತಾರೆ. ಅದಕ್ಕೇ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಜನರ ಓಟು ಜಾಸ್ತಿ ಪಡೆದೂ ಸೋತರು. ನಮ್ಮಲ್ಲಿ ಕರ್ನಾಟಕದ 224ರಲ್ಲಿ ಯಾರು ಯಾರಿಗೆ ಹಾಕಿದರೋ ಅಷ್ಟಷ್ಟೇ ಲೆಕ್ಕಕ್ಕೆ. ಸಣ್ಣ ರಾಜ್ಯಕ್ಕೆ ತೂಕ ಇಲ್ಲಿ ಹೆಚ್ಚು, ನಮ್ಮಲ್ಲಿ ಜನಸಂಖ್ಯೆಗೆ ತಕ್ಕಷ್ಟು. ನನ್ನ ಆಫೀಸಿನವರಿಗೆ 131, 208 ಅಂತ ವಿವರಿಸೋಕೆ ಹೋಗಿ ಕಾಫಿ ಆರಿಹೋಯ್ತು.

ಹಾಸನದ_ಓದುಗ

ಮೇಷ್ಟ್ರೇ, ವಕೀಲರೇ, ತುಂಬಾ ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಕೋಚಿಂಗ್‌ನಲ್ಲೂ ಹೇಳಿಲ್ಲ. ಆದರೆ ಪ್ರಾಶಸ್ತ್ಯದ ಪ್ರಶ್ನೆ ಹಾಗೇ ಉಳೀತು. ಎರಡನೇ ಪ್ರಾಶಸ್ತ್ಯ ಯಾವಾಗಲಾದರೂ ಲೆಕ್ಕಕ್ಕೆ ಬಂದಿದೆಯಾ?

ಹಳೇ_ಪೇಪರು

ಒಂದೇ ಸಲ ಬಂದಿದೆ, ಆ ಒಂದು ಸಲಕ್ಕೆ ದೇಶದ ರಾಜಕೀಯವೇ ಮಗುಚಿಬಿತ್ತು. ಅದರ ಮೊದಲ ಅಂಕ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕೂತರು. ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅಭ್ಯರ್ಥಿ ಆರಿಸೋ ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಹೆಸರು ಬಹುಮತದಿಂದ ಪಾಸಾಯ್ತು. ಪ್ರಧಾನಿಯಾಗಿ ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಅವರೇ ಸಹಿ ಹಾಕಿದ್ದರು. ಅತ್ತ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಅಂತಾಗಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ರಾಷ್ಟ್ರಪತಿ ಭವನಕ್ಕೆ ಹೋಗಬೇಕಾಯ್ತು. ಸ್ವತಂತ್ರ ಪಕ್ಷ, ಜನಸಂಘದ ಕಡೆಯಿಂದ ಸಿ.ಡಿ. ದೇಶಮುಖ್ ನಿಂತರು.

ನಿಜಲಿಂಗಪ್ಪನವರು ಲೆಕ್ಕ ಬಲ್ಲವರು. ಮೊದಲ ಸುತ್ತಲ್ಲಿ ಯಾರಿಗೂ ಬಹುಮತ ಬರದಿದ್ದರೆ ದೇಶಮುಖ್ ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಬೀಳಲಿ ಅಂತ ಆ ಎರಡು ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಅಷ್ಟು ಸಾಕಾಯ್ತು ಇಂದಿರಾ ಬಣಕ್ಕೆ: ನಮ್ಮ ಅಧ್ಯಕ್ಷರು ಬಲಪಂಥೀಯರ ಜೊತೆ ಕೈಜೋಡಿಸಿದ್ದಾರೆ ಅಂತ ಎಬ್ಬಿಸಿದರು. ಪಕ್ಷದ ವಿಪ್ (ಇಂಥವರಿಗೇ ಮತ ಹಾಕಿ ಅನ್ನೋ ಆದೇಶ) ಇಲ್ಲ, ಆತ್ಮಸಾಕ್ಷಿಯಂತೆ ಮತ ಹಾಕಿ ಅಂತ ಕರೆ ಬಂತು.

ಆಗಸ್ಟ್ 20ಕ್ಕೆ ಎಣಿಕೆ. ಮೊದಲ ಪ್ರಾಶಸ್ತ್ಯ: ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲೋಕೆ ಬೇಕಿದ್ದದ್ದು 4,18,169. ಯಾರಿಗೂ ಮುಟ್ಟಲಿಲ್ಲ. ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಕೈಬಿಡ್ತಾ, ಅವರ ಮತಪತ್ರಗಳಲ್ಲಿ 2 ಅಂತ ಯಾರಿಗೆ ಬರೆದಿದೆಯೋ ಅವರಿಗೆ ಹಂಚ್ತಾ ಬಂದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ನಿಜಲಿಂಗಪ್ಪನವರ ಎಣಿಕೆ ತಪ್ಪಿರಲಿಲ್ಲ ನೋಡಿ. ಹಂಚಿಕೆಯಲ್ಲಿ ರೆಡ್ಡಿಯವರಿಗೆ 91,879 ಬಂತು, ಗಿರಿಯವರಿಗೆ ಬರೀ 18,562. ಆದರೆ ಗಿರಿಗೆ ಬೇಕಿದ್ದದ್ದೇ ಹದಿನಾರು ಚಿಲ್ಲರೆ ಸಾವಿರ. ನವೆಂಬರ್‌ನಲ್ಲಿ ನಿಜಲಿಂಗಪ್ಪ ಇಂದಿರಾ ಅವರನ್ನೇ ಪಕ್ಷದಿಂದ ಉಚ್ಚಾಟಿಸಿದರು, ಕಾಂಗ್ರೆಸ್ ಎರಡು ಹೋಳಾಯ್ತು. ರೆಡ್ಡಿ? 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಆ ಸಲ 37 ನಾಮಪತ್ರ ಬಂದಿದ್ದವು, 36 ತಿರಸ್ಕೃತ.

ಲೆಕ್ಕದ_ಮೇಷ್ಟ್ರು

> ಗೆಲ್ಲೋಕೆ ಬೇಕಿದ್ದದ್ದು 4,18,169

ಇದಕ್ಕೊಂದು ಮಾತು ಸೇರಿಸ್ತೀನಿ. ಸಿಂಧುವಾದ ಮತಗಳ ಮೌಲ್ಯವನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿದರೆ ಬರೋದೇ ಕೋಟಾ. ಅಂದರೆ ಹೆಚ್ಚು ಓಟು ಬಂದರೆ ಸಾಲದು, ಅರ್ಧ ದಾಟಲೇಬೇಕು. ವಿಧಾನಸಭೆಗೆ ನೂರಕ್ಕೆ ಮೂವತ್ತು ತಗೊಂಡವರೂ ಗೆಲ್ತಾರಲ್ಲ, ಆ ಆಟ ಇಲ್ಲಿ ನಡೆಯಲ್ಲ. 2022ರಲ್ಲಿ ಸಿಂಧು ಮತಗಳ ಮೌಲ್ಯ 10,56,980, ಕೋಟಾ 5,28,491. ದ್ರೌಪದಿ ಮುರ್ಮು 6,76,803, ಯಶವಂತ ಸಿನ್ಹಾ 3,80,177. ಮೊದಲ ಸುತ್ತಲ್ಲೇ ಮುಗೀತು.

1969ರ ಕೊನೆಯ ಎರಡು ಅಂಕಿ ಕೂಡಿಸಿ ನೋಡಿ, 8,25,504. ಶುರುವಿನಲ್ಲಿದ್ದ ಮೌಲ್ಯಕ್ಕಿಂತ ಹತ್ತು ಸಾವಿರಕ್ಕೂ ಮೀರಿ ಕಮ್ಮಿ. 1 ಮಾತ್ರ ಬರೆದು ಮುಂದಿನದ್ದನ್ನು ಖಾಲಿ ಬಿಟ್ಟಿದ್ದರೆ, ಆ ಅಭ್ಯರ್ಥಿ ಹೊರಬಿದ್ದಾಗ ಮತಪತ್ರವೂ ಅಲ್ಲೇ ನಿಂತುಬಿಡುತ್ತೆ. 2 ಬರೆಯೋದು ಕಡ್ಡಾಯವಲ್ಲ, 1 ಬರೆಯೋದು ಕಡ್ಡಾಯ.

ಸಚಿವಾಲಯದ_ನಿವೃತ್ತ

ವಿಧಾನಸೌಧದಲ್ಲಿ ಈ ಮತದಾನವನ್ನು ಹತ್ತಿರದಿಂದ ಕಂಡವನು. ಇದಕ್ಕೆ ಇವಿಎಂ ಇಲ್ಲ, ಮತಪತ್ರವೇ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ. ಎಣಿಸುವಾಗ ಬಣ್ಣ ನೋಡಿಯೇ ಬೇರೆ ಮಾಡಬಹುದು. ಅಭ್ಯರ್ಥಿಗಳ ಹೆಸರಿರುತ್ತೆ, ಪಕ್ಷದ ಚಿಹ್ನೆ ಇರಲ್ಲ, ನೋಟಾ ಇಲ್ಲ. ಹೆಸರಿನ ಮುಂದೆ ಅಂಕಿ ಬರೀಬೇಕು. 1 ಅಂತಲೂ ಬರೆಯಬಹುದು, ನಮ್ಮ ಕನ್ನಡದ ೧ ಬರೆದರೂ ಸಿಂಧು. ಆದರೆ "ಒಂದು" ಅಂತ ಅಕ್ಷರದಲ್ಲಿ ಬರೆದರೆ ಹೋಯ್ತು. ರೈಟ್ ಮಾರ್ಕ್ ಹಾಕಿದರೂ ಹೋಯ್ತು.

ಪೆನ್ನು ಕೂಡ ಚುನಾವಣಾ ಆಯೋಗದ್ದೇ. 2017ರಿಂದ ನೇರಳೆ ಶಾಯಿಯ ವಿಶೇಷ ಪೆನ್ನು ಕೊಡ್ತಾರೆ, ಒಳಗೆ ಹೋಗುವಾಗ ಸ್ವಂತ ಪೆನ್ನು ಹೊರಗಿಡಬೇಕು. ಅದರ ಹಿಂದಿನ ವರ್ಷ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಬೇರೆ ಶಾಯಿ ಅಂತ ಒಂದಷ್ಟು ಮತ ತಿರಸ್ಕೃತವಾಗಿ ದೊಡ್ಡ ರಗಳೆ ಆಗಿತ್ತು. ಇಷ್ಟೆಲ್ಲಾ ಹೇಳಿಕೊಟ್ಟರೂ 2022ರಲ್ಲಿ 53 ಮತ ಅಸಿಂಧು, ಅದರಲ್ಲಿ 15 ಸಂಸದರದ್ದು. ಕಾನೂನು ಮಾಡೋರು!

ಮತದಾನ ಮುಗಿದ ಮೇಲೆ ಪೆಟ್ಟಿಗೆ ಸೀಲ್ ಆಗಿ ವಿಮಾನದಲ್ಲಿ ದಿಲ್ಲಿಗೆ ಹೋಗುತ್ತೆ. ಲಗೇಜಿಗೆ ಹಾಕಲ್ಲ. ಅದಕ್ಕೇ ಒಂದು ಸೀಟು, ಅಧಿಕಾರಿ ಪಕ್ಕದಲ್ಲಿ, ಟಿಕೆಟ್ ಮೇಲೆ "ಮಿಸ್ಟರ್ ಬ್ಯಾಲೆಟ್ ಬಾಕ್ಸ್" ಅಂತ ಹೆಸರು.

ಹುಬ್ಬಳ್ಳಿಯಾಂವ

ಮಿಸ್ಟರ್ ಬ್ಯಾಲೆಟ್ ಬಾಕ್ಸ್‌ಗೆ ಕಿಟಕಿ ಸೀಟ ಕೊಡ್ತಾರೇನ್ರಿ? 😀

ಇರ್ಲಿ, ಒಂದು ಹೇಳ್ರಿ. ರಾಜ್ಯಸಭಾ ಎಲೆಕ್ಷನ್‌ದಾಗ ಪಕ್ಷದ ಏಜೆಂಟಗ ತೋರಿಸಿ ಓಟ ಹಾಕ್ತಾರ. ಇದರಾಗೂ ಹಂಗೇನು? ನಮ್ಮವ್ರು ರೆಸಾರ್ಟ್ ಬಿಟ್ಟು ಓಟ ಹಾಕೂದ ಮರತಾರ.

ಶಿರಸಿ_ವಕೀಲ

ಇಲ್ಲ, ಇದು ಪೂರ್ತಿ ಗುಪ್ತ ಮತದಾನ. ತೋರಿಸಿ ಹಾಕೋ ಪದ್ಧತಿ 2003ರಿಂದ ರಾಜ್ಯಸಭೆಗೆ ಬಂದದ್ದು, ಇಲ್ಲಿಗೆ ಬಂದಿಲ್ಲ. ಪಕ್ಷಗಳು ವಿಪ್ ಕೊಡುವಂತಿಲ್ಲ, ಅಡ್ಡ ಮತ ಹಾಕಿದರೂ ಶಾಸಕತ್ವಕ್ಕೆ ಕುತ್ತಿಲ್ಲ. 2022ರ ಕೇರಳ ನೋಡಿ. ಅಲ್ಲಿ 140 ಶಾಸಕರಲ್ಲಿ ಎನ್‌ಡಿಎಯವರು ಒಬ್ಬರೂ ಇರಲಿಲ್ಲ, ಆದರೂ ಮುರ್ಮು ಅವರಿಗೆ ಒಂದು ಓಟು ಬಿತ್ತು. ಯಾರು ಹಾಕಿದ್ದು ಅಂತ ಎರಡೂ ಕಡೆಯವರು ಹುಡುಕಿದ್ದೇ ಹುಡುಕಿದ್ದು. 152 ಮೌಲ್ಯದ ಒಂದು ಗುಟ್ಟು.

ನಿಲ್ಲೋದು ಮಾತ್ರ ಸುಲಭವಲ್ಲ. ಮೊದಲೆಲ್ಲಾ ಯಾರು ಬೇಕಾದರೂ ನಾಮಪತ್ರ ಹಾಕಿ ಪೇಪರಲ್ಲಿ ಫೋಟೋ ಹಾಕಿಸಿಕೊಳ್ತಿದ್ದರು. 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕು ಅಂತ ಮಾಡಿದರು. 1997ರಿಂದ ಐವತ್ತು, ಐವತ್ತು, ಠೇವಣಿ 15,000. ಈ ನೂರು ಸಹಿ ಮತದಾರರದ್ದೇ ಆಗಿರಬೇಕು, ಅಂದರೆ ಸಂಸದರು, ಶಾಸಕರದ್ದು. ನನಗೇನೋ ಇದು ಅತಿಯಾಯ್ತು ಅನ್ನಿಸುತ್ತೆ. ಕೆ.ಟಿ. ಶಾ ಥರದವರು ಇವತ್ತು ನಿಲ್ಲಬೇಕು ಅಂದರೆ ಯಾವುದಾದರೂ ದೊಡ್ಡ ಪಕ್ಷದ ಬಾಗಿಲು ತಟ್ಟಲೇಬೇಕು.

ಕುಡ್ಲದ_ಕಡಲು

ಎಲ್ಲ ಸರಿ ಮಾರಾಯ್ರೆ, ಆದರೆ ಮೇಷ್ಟ್ರು ಶುರುವಿನಲ್ಲೇ ಒಂದು ಮಾತು ಸಲೀಸಾಗಿ ದಾಟಿಸಿಬಿಟ್ಟರು. 1971ರ ಜನಗಣತಿ! ಬಾಂಗ್ಲಾ ಯುದ್ಧದ ವರ್ಷದ ಜನಸಂಖ್ಯೆ ಹಿಡಿದುಕೊಂಡು ಈಗಲೂ ರಾಷ್ಟ್ರಪತಿ ಆರಿಸುವುದಾ? "ಶಾಸಕರ ಹಿಂದಿರುವ ಜನ" ಅಂದಿರಿ. ಆ ಜನರಲ್ಲಿ ಎಷ್ಟೋ ಮಂದಿ ಈಗ ಇಲ್ಲವೇ ಇಲ್ಲ.

ಲೆಕ್ಕದ_ಮೇಷ್ಟ್ರು

ದಾಟಿಸಿದ್ದಲ್ಲ, ಯಾರು ಹಿಡೀತಾರೆ ಅಂತ ನೋಡ್ತಿದ್ದೆ. 😊

1976ರ 42ನೇ ತಿದ್ದುಪಡಿಯಲ್ಲಿ 1971ರ ಅಂಕಿಯನ್ನು 2000ದವರೆಗೆ ಬಿಗಿದರು. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಗಳಿಗೆ ಸೀಟು, ಮತಮೌಲ್ಯ ಕಮ್ಮಿಯಾಗಬಾರದು ಅನ್ನೋ ಕಾರಣಕ್ಕೆ. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮುಂದೂಡಿತು.

2011ರ ಜನಗಣತಿ ಇಟ್ಟು, ಶಾಸಕರ ಸಂಖ್ಯೆ ಇದ್ದ ಹಾಗೇ ಬಿಟ್ಟು ಗುಣಿಸಿ ನೋಡಿದೆ. ಕರ್ನಾಟಕ 131ರಿಂದ 273. ಯುಪಿ 208ರಿಂದ 496. ತಮಿಳುನಾಡು 176ರಿಂದ 308. ಕೇರಳ 152ರಿಂದ 239, ಅಂದರೆ ಈಗ ನಮಗಿಂತ ಮೇಲಿರೋ ಕೇರಳದ ಶಾಸಕರು ನಮಗಿಂತ ಕೆಳಗೆ ಹೋಗ್ತಾರೆ. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯೋದು ರಾಜಸ್ಥಾನ. ಈಗ 129, ನಮಗಿಂತ ಎರಡು ಕಮ್ಮಿ. ಹೊಸ ಲೆಕ್ಕದಲ್ಲಿ 343, ನಮಗಿಂತ ಎಪ್ಪತ್ತು ಜಾಸ್ತಿ. ಎಲ್ಲರ ಅಂಕಿಯೂ ಏರುತ್ತೆ, ಅದಕ್ಕೇ ಮೇಲ್ನೋಟಕ್ಕೆ ಯಾರಿಗೂ ನಷ್ಟ ಕಾಣಲ್ಲ. ಪಾಲು ನೋಡಬೇಕು.

ಕುಡ್ಲದ_ಕಡಲು

ಹಾಗಾದರೆ ರಾಜಸ್ಥಾನದವರಿಗೆ ಅನ್ಯಾಯ ಆಗುತ್ತಿದೆ ಅಂತಲೇ ಆಯಿತಲ್ಲ? ನಾನು ದಕ್ಷಿಣದವನೇ, ಆದರೂ ಪ್ರಾಮಾಣಿಕವಾಗಿ ಕೇಳುತ್ತೇನೆ. ತಲೆಗೊಂದು ತೂಕ ಎನ್ನುವುದಾದರೆ ಇವತ್ತಿನ ತಲೆ ಎಣಿಸಬೇಕು.

ಶಿರಸಿ_ವಕೀಲ

ರಾಷ್ಟ್ರಪತಿ ಚುನಾವಣೆಗೆ ಮಾತ್ರ ಅಂತಾದರೆ ನಿಮ್ಮ ವಾದ ಒಪ್ಪಬಹುದಿತ್ತು. ಇಲ್ಲಿ ತೂಕ ಬದಲಾದರೆ ಯಾರ ಸೀಟೂ ಹೋಗಲ್ಲ. ತೊಂದರೆ ಏನೆಂದರೆ ಇದೇ ಗಂಟಿನಲ್ಲಿ ಲೋಕಸಭಾ ಸೀಟುಗಳ ಹಂಚಿಕೆಯೂ ಕಟ್ಟಿಕೊಂಡಿದೆ. ಸಂಸದರ ಸಂಖ್ಯೆ ಬದಲಾದರೆ ಆ 700 ಕೂಡ ಬದಲಾಗುತ್ತೆ, ರಾಜ್ಯದ ಪಾಲು ಎರಡೂ ಕಡೆಯಿಂದ ಕರಗುತ್ತೆ. ಜನಸಂಖ್ಯೆ ಹಿಡಿತದಲ್ಲಿಡಿ ಅಂತ ಕೇಂದ್ರವೇ ಹೇಳಿ, ಮಾತು ಕೇಳಿದ ರಾಜ್ಯಕ್ಕೇ ಧ್ವನಿ ತಗ್ಗಿಸೋದು ನ್ಯಾಯವಲ್ಲ ಅನ್ನೋ ಕಡೆಗೇ ನಾನಿದ್ದೇನೆ.

ಕುಡ್ಲದ_ಕಡಲು

ನಾನು ಅಷ್ಟು ಸುಲಭದಲ್ಲಿ ಒಪ್ಪುವುದಿಲ್ಲ. ಲೋಕಸಭಾ ಸೀಟಿನ ಭಯಕ್ಕೆ ರಾಷ್ಟ್ರಪತಿಯ ಲೆಕ್ಕವನ್ನು ಒತ್ತೆ ಇಟ್ಟ ಹಾಗಾಯಿತು. ಆದರೆ ಇದು ಬೇರೆಯೇ ಥ್ರೆಡ್ ಆಗುವ ವಿಷಯ, ಅಲ್ಲಿ ಸಿಗೋಣ.

ಹಾಸನದ_ಓದುಗ

ಕೊನೇದಾಗಿ ಎರಡು. ಮೇಷ್ಟ್ರು 2022ಕ್ಕೆ ಸಂಸದರ ಮೌಲ್ಯ 700 ಅಂದ್ರು, ನನ್ನ ಹಳೇ ಗೈಡಲ್ಲಿ 708 ಇದೆ. ಯಾವುದು ಬರೀಲಿ? ಮತ್ತೆ ಉಪರಾಷ್ಟ್ರಪತಿಗೂ ಇದೇ ಸೂತ್ರಾನಾ?

ಶಿರಸಿ_ವಕೀಲ

ಎರಡೂ ಸರಿ. 2017ರಲ್ಲಿ 708. 2022ರಲ್ಲಿ ಜಮ್ಮು ಕಾಶ್ಮೀರಕ್ಕೆ ವಿಧಾನಸಭೆಯೇ ಇರಲಿಲ್ಲ, ಅಲ್ಲಿನ 87 ಶಾಸಕರ 6,264 ಮೊತ್ತದಿಂದ ಬಿಟ್ಟುಹೋಯ್ತು. ಅಲ್ಲಿ ಇಳಿದರೆ ಇಲ್ಲೂ ಇಳೀಬೇಕಲ್ಲ, ಹಾಗಾಗಿ 700. ಯಾವುದೋ ವಿಧಾನಸಭೆ ಇಲ್ಲ ಅಂತ ಚುನಾವಣೆ ನಿಲ್ಲಲ್ಲ. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆಯಾಗಿದ್ದಾಗ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪ್ರಶ್ನೆಯಲ್ಲಿ ವರ್ಷ ನೋಡಿ ಉತ್ತರ ಬರೀರಿ.

ಉಪರಾಷ್ಟ್ರಪತಿಗೆ ಸೂತ್ರವೇ ಇಲ್ಲ. ಶಾಸಕರು ಇಲ್ಲ, ಎರಡೂ ಸದನದ ಸಂಸದರು ಮಾತ್ರ, ಪ್ರತಿ ಓಟಿಗೂ ಮೌಲ್ಯ ಒಂದೇ. ನಾಮನಿರ್ದೇಶಿತರೂ ಹಾಕಬಹುದು. 2025ರ ಸೆಪ್ಟೆಂಬರ್‌ನಲ್ಲಿ ಸಿ.ಪಿ. ರಾಧಾಕೃಷ್ಣನ್ 452, ಸುದರ್ಶನ ರೆಡ್ಡಿ 300, ಅಷ್ಟೇ ಲೆಕ್ಕ.

ಹಳೇ_ಪೇಪರು

ಅದಕ್ಕೊಂದು ಬಾಲ ಸೇರಿಸ್ತೀನಿ. ನಮ್ಮ ಜಮಖಂಡಿಯ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿಯಾಗಿದ್ದಾಗ, 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಜುಲೈ 25ರವರೆಗೆ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ. ತುರ್ತು ಪರಿಸ್ಥಿತಿ ಮುಗಿದದ್ದು, ಮೊರಾರ್ಜಿ ದೇಸಾಯಿ ಪ್ರಮಾಣವಚನ ತಗೊಂಡದ್ದು ಎಲ್ಲಾ ಅವರ ಕಾಲದಲ್ಲೇ. ಈ 131, 208ರ ಲೆಕ್ಕಕ್ಕೆ ಸಿಗದೇ ಆ ಕುರ್ಚಿಯಲ್ಲಿ ಐದು ತಿಂಗಳ ಮೇಲೆ ಕೂತ ಕನ್ನಡಿಗ. ಪರೀಕ್ಷೆಗೆ ಇದೂ ಬಂದರೂ ಬರಬಹುದು.

ಹಾಸನದ_ಓದುಗ

ಬರ್ಕೊಂಡೆ ಸರ್. ನಾಳೆ ಬೆಳಿಗ್ಗೆ ರಾಜ್ಯಪಾಲರ ಅಧ್ಯಾಯ ಶುರು ಮಾಡ್ತೀನಿ, ಅಲ್ಲಿ ಓಟೇ ಇಲ್ಲ ಅನ್ನೋದೊಂದು ಸಮಾಧಾನ.